ಫ್ಲೈಟ್ ಕಂಟ್ರೋಲರ್‌ಗೆ ಯಾವ ರಿಸೀವರ್? ಆರಿಸುವುದರಿಂದ ಫೇಲ್‌ಸೇಫ್ ಪರೀಕ್ಷೆಯವರೆಗೆ

ಮಾದರಿ ವಿಮಾನ, ಡ್ರೋನ್‌ಗಳಲ್ಲಿ ನಮ್ಮ ಕೈಯಲ್ಲಿರುವ ಟ್ರಾನ್ಸ್‌ಮಿಟರ್‌ನ ಸಿಗ್ನಲ್ ಹಿಡಿಯುವುದು ರಿಸೀವರ್. ಅದನ್ನು ಓದಿ ಮೋಟರ್, ಸರ್ವೊಗಳನ್ನು ನಡೆಸುವ ಬೋರ್ಡು ಫ್ಲೈಟ್ ಕಂಟ್ರೋಲರ್. ರಿಸೀವರ್ ಕೊಳ್ಳಲು ಹೊರಟವರು ಮೊದಲು ಕೇಳುವುದು "ಎಷ್ಟು ಕಿಲೋಮೀಟರ್ ಹೋಗುತ್ತೆ?" ಅಂತ. ಹಾಸನದ ಸುತ್ತ ರಾಗಿ ಕೊಯ್ಲು ಮುಗಿದ ಹೊಲದಲ್ಲಿ ನಿಂತು ಹಾರಿಸಿ ನೋಡಿ. ಒಂದು ಮೀಟರ್ ರೆಕ್ಕೆಯ ಫೋಮ್ ವಿಮಾನ ಅರ್ಧ ಕಿಲೋಮೀಟರ್ ದಾಟಿದರೆ ಮೂತಿ ಯಾವ ಕಡೆ, ಬಾಲ ಯಾವ ಕಡೆ ಅಂತ ಗುರುತು ಹಿಡಿಯುವುದೇ ಕಷ್ಟ. ಕಣ್ಣಳತೆಯಲ್ಲಿ ಹಾರಿಸುವವರಿಗೆ ಈಗ ಸಿಗುವ ಫುಲ್ ರೇಂಜ್ ರಿಸೀವರ್‌ಗಳಲ್ಲಿ ಯಾವುದಾದರೂ ಸಾಕು. ಹಾಗಾಗಿ ಡಬ್ಬದ ಮೇಲೆ ಬರೆದ ಕಿಲೋಮೀಟರ್ ಲೆಕ್ಕ ಸದ್ಯಕ್ಕೆ ಬಿಟ್ಟುಬಿಡಿ.

ನೋಡಬೇಕಾದ್ದು ಮೂರು. ನಿಮ್ಮ ಕೈಯಲ್ಲಿರುವ ಟ್ರಾನ್ಸ್‌ಮಿಟರ್ ಯಾವುದು? ಫ್ಲೈಟ್ ಕಂಟ್ರೋಲರ್ ಬೋರ್ಡಿನಲ್ಲಿ ಖಾಲಿ ಇರುವ ಪಿನ್ ಯಾವುದು? ಸಿಗ್ನಲ್ ಕಡಿದುಹೋದಾಗ ಆ ರಿಸೀವರ್ ಬೋರ್ಡಿಗೆ ಏನು ಹೇಳುತ್ತೆ? (ಆಗ ತಾನಾಗಿ ಜಾರಿಯಾಗುವ ಸುರಕ್ಷತಾ ಕ್ರಮವೇ ಫೇಲ್‌ಸೇಫ್.) ಇದೇ ಕ್ರಮದಲ್ಲಿ ಹೋಗೋಣ. ನಮ್ಮ ಕಡೆಯಿಂದ ಬೆಂಗಳೂರಿನ ಎಸ್‌.ಪಿ. ರೋಡಿಗೆ ಬಸ್ ಹತ್ತಿದರೂ, ಆನ್‌ಲೈನ್‌ನಲ್ಲಿ ತರಿಸಿದರೂ, ತಪ್ಪು ರಿಸೀವರ್ ಬಂದರೆ ವಾಪಸ್ ಕಳಿಸುವುದೇ ಒಂದು ದೊಡ್ಡ ಕೆಲಸ.

ಟ್ರಾನ್ಸ್‌ಮಿಟರ್ ಏನು ಮಾತಾಡುತ್ತೆ?

ರಿಸೀವರ್ ಮತ್ತು ಟ್ರಾನ್ಸ್‌ಮಿಟರ್ ಎರಡೂ 2.4 ಗಿಗಾಹರ್ಟ್ಸ್ ಆದ ಮಾತ್ರಕ್ಕೆ ಒಂದಕ್ಕೊಂದು ಬೈಂಡ್ ಆಗಲ್ಲ, ಅಂದರೆ ಜೋಡಿಯಾಗಲ್ಲ. ಗಾಳಿಯಲ್ಲಿ ಹೋಗುವ ಪ್ರೋಟೊಕಾಲ್, ಅಂದರೆ ಅವು ಆಡುವ ಭಾಷೆ, ಒಂದೇ ಇರಬೇಕು. ಒಂದೇ ಕಂಪನಿಯ ಸಾಮಾನು ಅಂತ ನಂಬಿಕೊಂಡರೂ ಏಟು ಬೀಳಬಹುದು. ಫ್ಲೈಸ್ಕೈ ಸಿಟಿ6ಬಿ ಹಳೆಯ ಎಎಫ್‌ಎಚ್‌ಡಿಎಸ್ ಬಳಸುತ್ತೆ. ಅದೇ ಕಂಪನಿಯ ಐಎ6ಬಿ ರಿಸೀವರ್‌ಗೆ ಬೇಕಾದ್ದು ಎಎಫ್‌ಎಚ್‌ಡಿಎಸ್ 2ಎ. ಇವೆರಡೂ ಜನ್ಮದಲ್ಲಿ ಬೈಂಡ್ ಆಗಲ್ಲ. ಎಫ್‌ಎಸ್-ಐ6 ಇದ್ದವರಿಗೆ ಐಎ6ಬಿ ಸರಿಹೊಂದುತ್ತೆ.

ಫ್ರೈಸ್ಕೈ ಕಂಪನಿಯಲ್ಲೂ ಇದೇ ಕಥೆ. ಡಿ8, ಡಿ16, ಆಕ್ಸೆಸ್ ಅಂತ ಮೂರು ಪೀಳಿಗೆ. ಡಿ16ರಲ್ಲಿ ಮತ್ತೆ ಯೂರೋಪಿನ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಬೇರೆ, ಬೇರೆ ದೇಶಗಳದ್ದು ಬೇರೆ. ಎರಡೂ ಕಡೆ ಒಂದೇ ಇಲ್ಲದಿದ್ದರೆ ಬೈಂಡ್ ದೀಪ ಮಿನುಗುತ್ತಲೇ ಇರುತ್ತೆ.

ಈಗ ಹೊಸದಾಗಿ ಶುರುಮಾಡುವವರು ಹೆಚ್ಚಾಗಿ ಹೋಗುವುದು ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಕಡೆಗೆ. ಎಲ್ಲರೂ ಇಎಲ್‌ಆರ್‌ಎಸ್ ಅಂತಾರೆ. ಇದು ಓಪನ್ ಸೋರ್ಸ್. ಹಲವು ಕಂಪನಿಗಳು ಇದರ ರಿಸೀವರ್ ಮಾಡುತ್ತವೆ, ಒಬ್ಬರ ಟ್ರಾನ್ಸ್‌ಮಿಟರ್‌ಗೆ ಇನ್ನೊಬ್ಬರ ರಿಸೀವರ್ ಹಾಕಬಹುದು. ಬ್ಯಾಂಡ್ ಒಂದೇ ಇರಬೇಕು, ಫರ್ಮ್‌ವೇರಿನ ಮೊದಲ ಅಂಕಿಯೂ ಒಂದೇ ಇರಬೇಕು. 2ನೇ ಆವೃತ್ತಿಯ ರಿಸೀವರ್ 3ನೇ ಆವೃತ್ತಿಯ ಟ್ರಾನ್ಸ್‌ಮಿಟರ್ ಜೊತೆ ಸೇರಲ್ಲ. ಸ್ಟಾಕಿನಲ್ಲಿ ಬಹಳ ದಿನ ಕೂತಿದ್ದ ರಿಸೀವರ್ ಬಂದರೆ ಮೊದಲು ಇದನ್ನೇ ನೋಡಿ.

ಟ್ರಾನ್ಸ್‌ಮಿಟರ್ ಇನ್ನೂ ಕೊಂಡಿಲ್ಲ ಅನ್ನುವವರೂ ಇರುತ್ತಾರೆ. ಅವರಿಗೆ ನನ್ನ ಸಲಹೆ ನೇರ: ಒಳಗೇ ಇಎಲ್‌ಆರ್‌ಎಸ್ 2.4 ಇರುವುದನ್ನು ತಗೊಳ್ಳಿ. ಆದರೆ ರೇಡಿಯೊಮಾಸ್ಟರ್ ಪಾಕೆಟ್‌ನಂಥವು ಒಂದೇ ಹೆಸರಲ್ಲಿ ಎರಡು ಬಗೆಯಲ್ಲಿ ಬರುತ್ತವೆ, ಒಂದು ಇಎಲ್‌ಆರ್‌ಎಸ್, ಇನ್ನೊಂದು ಸಿಸಿ2500 ಅನ್ನುವ ಬೇರೆ ರೇಡಿಯೊ ಚಿಪ್ಪಿನದು. ಆರ್ಡರ್ ಹಾಕುವಾಗ ಆ ಸಾಲನ್ನು ಸರಿಯಾಗಿ ಓದಿ.

ಬೋರ್ಡಿನ ಪಿನ್ ಎಣಿಸಿ

ರಿಸೀವರ್‌ನಿಂದ ಬೋರ್ಡಿಗೆ ಹೋಗುವ ತಂತಿಯಲ್ಲೂ ಬೇರೆ ಬೇರೆ ಪ್ರೋಟೊಕಾಲ್ ಇವೆ. ತಪ್ಪುಗಳು ಜಾಸ್ತಿ ಆಗುವುದು ಇಲ್ಲೇ.

ಪಿಡಬ್ಲ್ಯುಎಂ ಎಲ್ಲಕ್ಕಿಂತ ಹಳೆಯದು. ಚಾನೆಲ್‌ಗೊಂದು ತಂತಿ (ಥ್ರಾಟಲ್, ರಡ್ಡರ್‌ನಂಥ ಒಂದೊಂದು ನಿಯಂತ್ರಣವೂ ಒಂದು ಚಾನೆಲ್). 1000ದಿಂದ 2000 ಮೈಕ್ರೊಸೆಕೆಂಡಿನ ಪಲ್ಸ್, ಸೆಕೆಂಡಿಗೆ ಸುಮಾರು 50 ಸಲ. ಸರ್ವೊಗೆ (ರೆಕ್ಕೆ, ಬಾಲದ ಪಟ್ಟಿ ಅಲ್ಲಾಡಿಸುವ ಪುಟ್ಟ ಮೋಟರ್) ನೇರ ಹಾಕಲು ಇದೇ ಬೇಕು. ಹಳೆಯ ಕೆಕೆ2 ಬೋರ್ಡಿಗೂ ನಡೆಯುತ್ತೆ. ಈಗಿನ ಬೋರ್ಡುಗಳಿಗೆ ಪಿಡಬ್ಲ್ಯುಎಂ ರಿಸೀವರ್ ತರಬೇಡಿ, ಅಷ್ಟು ತಂತಿ ಹಾಕಲು ಅವುಗಳಲ್ಲಿ ಜಾಗವೇ ಇಲ್ಲ.

ಪಿಪಿಎಂ ಅಂದರೆ ಅದೇ ಪಲ್ಸ್‌ಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಒಂದೇ ತಂತಿಯಲ್ಲಿ ಕಳಿಸುವುದು. ಸಾಮಾನ್ಯವಾಗಿ 8 ಚಾನೆಲ್. ಒಂದು ಸುತ್ತು ಮುಗಿಯಲು 20 ಮಿಲಿಸೆಕೆಂಡ್‌ಗಿಂತ ಸ್ವಲ್ಪ ಜಾಸ್ತಿ. ನಿಧಾನ, ಆದರೆ ಕಾಲೇಜು ಲ್ಯಾಬುಗಳಲ್ಲಿರುವ ಹಳೆಯ ಪಿಕ್ಸ್‌ಹಾಕ್ ಬೋರ್ಡಿಗೆ ಧಾರಾಳವಾಗಿ ಸಾಕು.

ಐಬಸ್ ಫ್ಲೈಸ್ಕೈಯದ್ದು. ಸೀರಿಯಲ್, 115200 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್), ಒಂದು ತಂತಿ, ತಲೆನೋವು ಕಡಿಮೆ.

ಎಸ್‌ಬಸ್ ಫುಟಾಬಾದವರದ್ದು, ಫ್ರೈಸ್ಕೈಯವರೂ ಅದನ್ನೇ ಹಿಡಿದರು. 16 ಚಾನೆಲ್, 100000 ಬಾಡ್. ಇದರ ಸಿಗ್ನಲ್ ತಲೆಕೆಳಗಾಗಿರುತ್ತೆ, ಅಂದರೆ ಮಾಮೂಲಿ ಸೀರಿಯಲ್‌ನಲ್ಲಿ ಮೇಲಿರಬೇಕಾದ ವೋಲ್ಟೇಜ್ ಇಲ್ಲಿ ಕೆಳಗೆ. ಇದರ ವಿಷಯ ಮುಂದೆ ಹೇಳುತ್ತೇನೆ.

ಸಿಆರ್‌ಎಸ್‌ಎಫ್ ಅನ್ನುವುದು ಟಿಬಿಎಸ್ ಕ್ರಾಸ್‌ಫೈರ್ ಜೊತೆ ಬಂದದ್ದು. ಇಎಲ್‌ಆರ್‌ಎಸ್ ಕೂಡ ಇದನ್ನೇ ಬಳಸುತ್ತೆ. ಸುಮಾರು 420000 ಬಾಡ್, ಎರಡೂ ಕಡೆಗೆ ಮಾತು. ಬ್ಯಾಟರಿ ವೋಲ್ಟೇಜ್, ಜಿಪಿಎಸ್, ಲಿಂಕ್ ಕ್ವಾಲಿಟಿ (ನೂರಕ್ಕೆ ಎಷ್ಟು ಪ್ಯಾಕೆಟ್ ತಲುಪುತ್ತಿವೆ ಅನ್ನುವ ಅಂಕಿ) ಎಲ್ಲ ವಾಪಸ್ ಕೈಗೆ ಬರುತ್ತೆ. ಅದಕ್ಕೆ ಒಂದು ಪೂರ್ತಿ ಯುಆರ್ಟ್ (ಬೋರ್ಡಿನ ಸೀರಿಯಲ್ ಪೋರ್ಟ್) ಬೇಕು, ಟಿಎಕ್ಸ್ (ಕಳಿಸುವ ಪಿನ್) ಮತ್ತು ಆರ್‌ಎಕ್ಸ್ (ಕೇಳುವ ಪಿನ್) ಎರಡೂ. ಸಾಫ್ಟ್‌ವೇರಿನಿಂದ ಮಾಡಿಕೊಳ್ಳುವ ಸಾಫ್ಟ್‌ಸೀರಿಯಲ್ ಪೋರ್ಟಿನಲ್ಲಿ ಈ ವೇಗ ನಡೆಯಲ್ಲ.

ಹಾಗಾಗಿ ಒಂದು ಹಾಳೆ ತಗೊಂಡು ಬೋರ್ಡಿನ ಯುಆರ್ಟ್‌ಗಳನ್ನು ಬರೆದುಕೊಳ್ಳಿ. ಜಿಪಿಎಸ್‌ಗೆ ಒಂದು, ವಿಡಿಯೊ ಟ್ರಾನ್ಸ್‌ಮಿಟರ್‌ಗೆ ಒಂದು, ಟೆಲಿಮೆಟ್ರಿ ರೇಡಿಯೊ (ವಿಮಾನದ ಮಾಹಿತಿ ಕೆಳಗೆ ಕಳಿಸುವುದು) ಇದ್ದರೆ ಅದಕ್ಕೊಂದು. ಉಳಿದದ್ದು ರಿಸೀವರ್‌ಗೆ. ಎಫ್‌411 ಚಿಪ್ಪಿನ ಸಣ್ಣ ಬೋರ್ಡುಗಳಲ್ಲಿ ಹೊರಗೆ ಸಿಗುವುದು ಎರಡೇ ಯುಆರ್ಟ್ ಅನ್ನುವುದು ಮಾಮೂಲಿ. ಜಿಪಿಎಸ್ ಹಾಕಿ, ಡಿಜಿಟಲ್ ವಿಡಿಯೊ ಹಾಕಿ, ಆಮೇಲೆ ರಿಸೀವರ್‌ಗೆ ಜಾಗ ಹುಡುಕುವ ಸ್ಥಿತಿ ಬರಬಾರದು.

ಎಫ್‌4 ಬೋರ್ಡು ಮತ್ತು ಎಸ್‌ಬಸ್

ಚಿಕ್ಕಮಗಳೂರಿನ ಇಂಜಿನಿಯರಿಂಗ್ ಹುಡುಗನೊಬ್ಬ ಕ್ವಾಡ್ (ನಾಲ್ಕು ಮೋಟರಿನ ಡ್ರೋನ್) ಹಿಡಿದುಕೊಂಡು ಬಂದಿದ್ದ. "ಅಣ್ಣ, ರಿಸೀವರ್ ಸತ್ತೋಗಿದೆ ಅನ್ಸುತ್ತೆ. ಬೈಂಡ್ ಆಗಿದೆ, ಹಸಿರು ದೀಪ ಇದೆ. ಆದ್ರೆ ಬೀಟಾಫ್ಲೈಟ್‌ನಲ್ಲಿ ಒಂದು ಬಾರೂ ಅಲ್ಲಾಡ್ತಿಲ್ಲ" ಅಂದ. ಬೀಟಾಫ್ಲೈಟ್ ಅಂದರೆ ಬೋರ್ಡಿನ ಸಾಫ್ಟ್‌ವೇರ್, ಬಾರುಗಳು ಅಂದರೆ ಪರದೆಯಲ್ಲಿ ಒಂದೊಂದು ಚಾನೆಲ್‌ನ ಅಳತೆ ತೋರಿಸುವ ಪಟ್ಟಿಗಳು. ಬೋರ್ಡು ಎಫ್‌405 (ಎಫ್‌4 ಸಾಲಿನ ಚಿಪ್ಪಿನದು), ರಿಸೀವರ್ ಫ್ರೈಸ್ಕೈ ಎಕ್ಸ್‌ಎಂ ಪ್ಲಸ್. ತಂತಿ ಆರ್‌ಎಕ್ಸ್3 ಅಂತ ಬರೆದ ಪ್ಯಾಡಿಗೆ ಚೊಕ್ಕವಾಗಿ ಬೆಸುಗೆ ಆಗಿತ್ತು. ಬೆಸುಗೆಯಲ್ಲಿ ಏನೂ ತಪ್ಪಿಲ್ಲ. ಬೋರ್ಡನ್ನು ಮಗುಚಿ ನೋಡಿದರೆ ಇನ್ನೊಂದು ಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, 'ಎಸ್‌ಬಸ್' ಅಂತ ಬೇರೆಯೇ ಒಂದು ಪ್ಯಾಡ್ ಇತ್ತು. ತಂತಿ ಅಲ್ಲಿಗೆ ಬದಲಿಸಿ, ಪೋರ್ಟ್ಸ್ ಪುಟದಲ್ಲಿ ಆ ಯುಆರ್ಟ್‌ಗೆ ಸೀರಿಯಲ್ ಆರ್‌ಎಕ್ಸ್ ಆನ್ ಮಾಡಿದ. ಟ್ರಾನ್ಸ್‌ಮಿಟರ್‌ನ ಕಡ್ಡಿ (ಸ್ಟಿಕ್) ಅಲ್ಲಾಡಿಸಿದ ತಕ್ಷಣ ಬಾರುಗಳು ಕುಣಿದವು.

ಕಾರಣ ಇಷ್ಟೇ. ಎಫ್‌4 ಚಿಪ್ಪಿನ ಯುಆರ್ಟ್‌ಗೆ ತಲೆಕೆಳಗಾದ ಸಿಗ್ನಲ್ಲನ್ನು ತಾನೇ ನೆಟ್ಟಗೆ ಮಾಡಿಕೊಳ್ಳುವ ಶಕ್ತಿ ಇಲ್ಲ. ಹಾಗಾಗಿ ಬೋರ್ಡ್ ಮಾಡುವವರು ಒಂದೇ ಒಂದು ಪ್ಯಾಡಿಗೆ ಇನ್ವರ್ಟರ್ ಭಾಗ ಕೂರಿಸಿ, ಅದಕ್ಕೆ ಎಸ್‌ಬಸ್ ಅಂತ ಹೆಸರಿಡುತ್ತಾರೆ. ಎಫ್‌7, ಎಚ್‌7 ಚಿಪ್ಪುಗಳಲ್ಲಿ ಈ ಕೆಲಸ ಒಳಗೇ ಆಗುತ್ತೆ, ಯಾವ ಯುಆರ್ಟ್ ಆದರೂ ಸರಿ. ಇದರ ಉಲ್ಟಾ ತೊಂದರೆಯೂ ಇದೆ. ಐಬಸ್ ಮತ್ತು ಸಿಆರ್‌ಎಸ್‌ಎಫ್ ನೆಟ್ಟಗಿನ ಸಿಗ್ನಲ್‌ಗಳು. ಅವನ್ನು ಎಸ್‌ಬಸ್ ಪ್ಯಾಡಿಗೆ ಹಾಕಿದರೆ ಏನೂ ಬರಲ್ಲ. ರಿಸೀವರ್ ಸತ್ತಿದೆ ಅಂತ ಇನ್ನೊಂದು ಆರ್ಡರ್ ಹಾಕುವ ಮುಂಚೆ ಇದನ್ನು ನೋಡಿಕೊಳ್ಳಿ.

ಬೀಟಾಫ್ಲೈಟ್ ಬದಲು ಆರ್ಡುಪೈಲಟ್ ಸಾಫ್ಟ್‌ವೇರ್ ಬಳಸುವವರಿಗೆ ಒಂದು ಮಾತು. ಪಿಕ್ಸ್‌ಹಾಕ್‌ನ ಆರ್‌ಸಿ ಇನ್‌ಪುಟ್‌ಗೆ ಪಿಪಿಎಂ ಅಥವಾ ಎಸ್‌ಬಸ್ ಹಾಕಿದರೆ ಅದೇ ಗುರುತು ಹಿಡಿಯುತ್ತೆ. ಸಿಆರ್‌ಎಸ್‌ಎಫ್ ಆದರೆ ಟೆಲೆಮ್ 2ರಂಥ ಪೂರ್ತಿ ಸೀರಿಯಲ್ ಪೋರ್ಟಿಗೆ ಹಾಕಿ, ಆ ಪೋರ್ಟಿನ ಪ್ರೋಟೊಕಾಲ್ ಪ್ಯಾರಾಮೀಟರ್ 23 ಮಾಡಿ. ಆರ್‌ಎಸ್‌ಎಸ್‌ಐ (ಸಿಗ್ನಲ್ ಬಲ) ಟೈಪ್ 3 ಇಟ್ಟರೆ ಸಿಗ್ನಲ್ ಮಟ್ಟ ರಿಸೀವರ್‌ನಿಂದಲೇ ಬರುತ್ತೆ.

ಸ್ಪೆಕ್ಟ್ರಮ್ ಕಂಪನಿಯ ಸ್ಯಾಟಲೈಟ್ (ಪುಟ್ಟ ಹೆಚ್ಚುವರಿ) ರಿಸೀವರ್ ಕೈಗೆ ಸಿಕ್ಕಿದ್ದರೆ ಒಂದೇ ಎಚ್ಚರ: ಅದಕ್ಕೆ 3.3 ವೋಲ್ಟ್. 5 ವೋಲ್ಟ್ ಕೊಟ್ಟರೆ ಸುಟ್ಟುಹೋಗಬಹುದು.

ಮರ, ಮಳೆ ಮತ್ತು ಬ್ಯಾಂಡ್

ಅರಸೀಕೆರೆ, ಚನ್ನರಾಯಪಟ್ಟಣದ ಬಯಲಲ್ಲಿ ಹಾರಿಸುವವರಿಗೂ ಸಕಲೇಶಪುರ, ಮೂಡಿಗೆರೆಯ ತೋಟದಲ್ಲಿ ಹಾರಿಸುವವರಿಗೂ ಒಂದೇ ಉತ್ತರ ಇಲ್ಲ. ಎಲೆಯಲ್ಲಿ ನೀರಿದೆ, ನೀರು 2.4 ಗಿಗಾಹರ್ಟ್ಸನ್ನು ಹೀರುತ್ತೆ. ಮಳೆ ನಿಂತ ಮೇಲೆ ಸಿಲ್ವರ್ ಓಕ್ ಸಾಲಿನ ಹಿಂದೆ ವಿಮಾನ ಹೋದರೆ ಲಿಂಕ್ ಕ್ವಾಲಿಟಿ ದಡದಡ ಇಳಿಯುತ್ತೆ. ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಅಷ್ಟು ಇಳಿಯಲಿಕ್ಕಿಲ್ಲ.

ಎದುರಿಗೆ ಕಾಣುತ್ತಿದೆ ಅಂದ ಮಾತ್ರಕ್ಕೂ ಸಾಲದು. ನಿಮ್ಮಿಂದ ವಿಮಾನಕ್ಕೆ ಎಳೆದ ಗೆರೆಯ ಸುತ್ತ ಒಂದಷ್ಟು ಜಾಗ ಖಾಲಿ ಇರಬೇಕು. 2.4 ಗಿಗಾಹರ್ಟ್ಸ್‌ನಲ್ಲಿ 500 ಮೀಟರ್ ದೂರಕ್ಕೆ ಆ ಗೆರೆಯ ನಟ್ಟನಡುವೆ ಸುಮಾರು 4 ಮೀಟರ್ ತ್ರಿಜ್ಯದ ಜಾಗ. ಕೆರೆ ಏರಿ ಮೇಲೆ ನಿಂತು ಹಾರಿಸುವವರಿಗೆ ಸಿಗ್ನಲ್ ಚೆನ್ನಾಗಿ ಬರುವುದು ಇದಕ್ಕೇ.

"ಹಾಗಾದ್ರೆ 900 ಮೆಗಾಹರ್ಟ್ಸ್ ತಗೊಳ್ಳೋಣ, ಎಲೆ ದಾಟುತ್ತೆ" ಅಂತ ಬಹಳ ಜನ ಹೇಳುತ್ತಾರೆ. ದಾಟುವುದು ನಿಜ. ಆದರೆ ನಮ್ಮ ದೇಶದಲ್ಲಿ ಕಥೆ ಬೇರೆ. ಅಮೆರಿಕದ 915 ಬ್ಯಾಂಡಿನ ಸಾಮಾನು ಸುಮಾರು 903ರಿಂದ 927 ಮೆಗಾಹರ್ಟ್ಸ್‌ವರೆಗೆ ಓಡಾಡುತ್ತೆ. ಇಲ್ಲಿ 915ರ ಕೆಳಗಿನ ಭಾಗದಲ್ಲಿ ಮೊಬೈಲ್ ಫೋನ್‌ಗಳು ಟವರಿಗೆ ಮಾತಾಡುತ್ತವೆ, 925ರಿಂದ ಮೇಲೆ ಟವರ್ ಫೋನಿಗೆ ಮಾತಾಡುತ್ತೆ. ಅದರೊಳಗೆ ನಾವು ನುಗ್ಗಬಾರದು. ಟವರಿನ ಹತ್ತಿರ ಹೋದರೆ ನಮ್ಮ ರಿಸೀವರ್ ಕಿವಿಯೂ ಮಂದ ಆಗುತ್ತೆ. ಭಾರತದಲ್ಲಿ ಲೈಸೆನ್ಸ್ ಬೇಡದ್ದು 865ರಿಂದ 868 ಮೆಗಾಹರ್ಟ್ಸ್. ಇಎಲ್‌ಆರ್‌ಎಸ್‌ನಲ್ಲಿ ಭಾರತಕ್ಕೆ ಅಂತ 866ರ ಆಯ್ಕೆಯೂ ಇದೆ. ಅಲ್ಲೂ ಒಂದು ಕೊಕ್ಕೆ ಇದೆ: ಆ ಬ್ಯಾಂಡಿನ ವಿನಾಯಿತಿ 200 ಕಿಲೋಹರ್ಟ್ಸ್ ಅಗಲದ ಸಿಗ್ನಲ್‌ಗೆ. ಇಎಲ್‌ಆರ್‌ಎಸ್ 900ರ ಸಿಗ್ನಲ್ 500 ಕಿಲೋಹರ್ಟ್ಸ್ ಅಗಲ. ಆಯ್ಕೆ ಮೆನುವಿನಲ್ಲಿ ಇದೆ ಅಂದರೆ ನಿಯಮಕ್ಕೆ ಸರಿ ಅಂತ ಅರ್ಥ ಅಲ್ಲ.

2.4 ಗಿಗಾಹರ್ಟ್ಸ್‌ನಲ್ಲಿ ಈ ಯಾವ ಗೋಜೂ ಇಲ್ಲ. ತೋಟದವರು ಮರದ ಹಿಂದೆ ಹೋಗದ ಹಾಗೆ ಹಾರಿಸುವುದನ್ನು ಕಲಿತರೆ ಸಾಕು. ಬ್ಯಾಂಡ್ ಬದಲಿಸುವುದಕ್ಕಿಂತ ನಿಲ್ಲುವ ಜಾಗ ಬದಲಿಸುವುದು ಸುಲಭ ಅಲ್ವಾ?

ರೇಟು, ಅಂದರೆ ಸೆಕೆಂಡಿಗೆ ಎಷ್ಟು ಸಲ ಮಾಹಿತಿ ಹೋಗುತ್ತೆ ಅನ್ನುವುದನ್ನು, ಇಳಿಸಿದರೂ ಲಾಭ ಇದೆ. ಇಎಲ್‌ಆರ್‌ಎಸ್ 2.4ರಲ್ಲಿ 500 ಹರ್ಟ್ಸ್ ಇಟ್ಟರೆ ರಿಸೀವರ್ ಸುಮಾರು ಮೈನಸ್ 105 ಡಿಬಿಎಂವರೆಗೆ ಕೇಳಿಸಿಕೊಳ್ಳುತ್ತೆ (ಡಿಬಿಎಂ ಸಿಗ್ನಲ್ ಬಲದ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ಕ್ಷೀಣ). 250ಕ್ಕೆ ಮೈನಸ್ 108, 150ಕ್ಕೆ ಮೈನಸ್ 112. ಬಯಲಲ್ಲಿ 6 ಡಿಬಿ ಹೆಚ್ಚಿದರೆ ದೂರ ಎರಡು ಪಟ್ಟು. ಪವರ್‌ನಿಂದಲೇ ಅದನ್ನು ಪಡೆಯಬೇಕಾದರೆ ನಾಲ್ಕು ಪಟ್ಟು ಏರಿಸಬೇಕು. ರೇಸ್ ಕ್ವಾಡಿಗೆ 500 ಬೇಕಾಗಬಹುದು. ರೆಕ್ಕೆ ವಿಮಾನಕ್ಕೆ 150 ಅಥವಾ 100 ಫುಲ್ ಇಡಿ. ಫುಲ್ ಅಂತ ಇರುವ ಮೋಡಿನಲ್ಲಿ ಫ್ಲ್ಯಾಪ್‌ನಂಥ ಹೆಚ್ಚುವರಿ ಚಾನೆಲ್‌ಗಳಿಗೂ ಪೂರ್ತಿ ನಯ ಸಿಗುತ್ತೆ, ಮಾಮೂಲಿ ಮೋಡುಗಳಲ್ಲಿ ಅವು ಮೆಟ್ಟಿಲು ಮೆಟ್ಟಿಲಾಗಿ ಚಲಿಸುತ್ತವೆ.

ಹಾಗಾದರೆ ಯಾವುದು?

ಅಂಗೈಯಷ್ಟು ಪುಟ್ಟ ಕ್ವಾಡ್ ಆದರೆ ಸೆರಾಮಿಕ್ ಆಂಟೆನಾದ ಚಿಕ್ಕ ಇಎಲ್‌ಆರ್‌ಎಸ್ ರಿಸೀವರ್ ಸಾಕು. ಐದಿಂಚಿನ ಕ್ವಾಡಿಗೆ ಹೊರಗೆ ಆಂಟೆನಾ ಇರುವುದು ಬೇಕು. ದೊಡ್ಡ ರೆಕ್ಕೆಯ ವಿಮಾನಕ್ಕೆ ಎರಡು ಆಂಟೆನಾದ್ದನ್ನು ಹಾಕಿ, ವಿಮಾನ ಓರೆಯಾದಾಗ ಒಂದು ಆಂಟೆನಾ ಮರೆಯಾದರೂ ಇನ್ನೊಂದು ಕೆಲಸ ಮಾಡುತ್ತೆ. ನಿಜವಾದ ಡೈವರ್ಸಿಟಿ ರಿಸೀವರ್‌ನಲ್ಲಿ ಎರಡೂ ಆಂಟೆನಾಗೆ ಬೇರೆ ಬೇರೆ ರೇಡಿಯೊ ಚಿಪ್ ಇರುತ್ತೆ. ಅಗ್ಗದವುಗಳಲ್ಲಿ ಒಂದೇ ಚಿಪ್, ಸ್ವಿಚ್ ಮಾಡಿಕೊಳ್ಳುತ್ತೆ. ಎರಡಕ್ಕೂ ಡೈವರ್ಸಿಟಿ ಅಂತಲೇ ಮಾರುತ್ತಾರೆ, ವಿವರ ಓದಿ.

ಎಫ್‌ಎಸ್-ಐ6 ಈಗಾಗಲೇ ಇದ್ದು, ಕಾಲೇಜು ಪ್ರಾಜೆಕ್ಟಿಗೆ ಪಿಕ್ಸ್‌ಹಾಕ್ ಜೋಡಿಸಬೇಕು ಅನ್ನುವವರು ಹೊಸ ಟ್ರಾನ್ಸ್‌ಮಿಟರ್‌ಗೆ ದುಡ್ಡು ಸುರಿಯಬೇಡಿ. ಐಎ6ಬಿ ತಂದು ಪಿಪಿಎಂ ಹಾಕಿ. ಸುಮ್ನೆ ಕೆಲಸ ಆಗುತ್ತೆ. ಫ್ಲೈಟ್ ಕಂಟ್ರೋಲರೇ ಇಲ್ಲದ ಟ್ರೈನರ್ ವಿಮಾನಕ್ಕೆ ಮಾತ್ರ ಪಿಡಬ್ಲ್ಯುಎಂ ರಿಸೀವರ್ ಕೊಳ್ಳಿ. ಇಎಲ್‌ಆರ್‌ಎಸ್‌ನಲ್ಲೂ ಸರ್ವೊ ಪಿನ್ ಇರುವ ಅಂಥವು ಸಿಗುತ್ತವೆ.

ಜೋಡಣೆ

ಮೊದಲನೆಯ ಕೆಲಸ ಪ್ರೊಪೆಲರ್ ಬಿಚ್ಚಿಡುವುದು. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಇಎಲ್‌ಆರ್‌ಎಸ್ ರಿಸೀವರ್‌ಗೆ ನಾಲ್ಕು ತಂತಿ: 5 ವೋಲ್ಟ್, ಗ್ರೌಂಡ್, ಟಿಎಕ್ಸ್, ಆರ್‌ಎಕ್ಸ್. ರಿಸೀವರ್‌ನ ಟಿಎಕ್ಸ್ ಬೋರ್ಡಿನ ಆರ್‌ಎಕ್ಸ್‌ಗೆ, ರಿಸೀವರ್‌ನ ಆರ್‌ಎಕ್ಸ್ ಬೋರ್ಡಿನ ಟಿಎಕ್ಸ್‌ಗೆ, ಅಡ್ಡಡ್ಡ. ಎರಡೂ ಒಂದೇ ಯುಆರ್ಟ್ ಸಂಖ್ಯೆಯವು ಇರಬೇಕು. 4ವಿ5 ಅಂತ ಬರೆದ ಪ್ಯಾಡ್ ಇದ್ದರೆ ಪವರನ್ನು ಅಲ್ಲಿಂದ ತೆಗೆಯಿರಿ. ಲಿಪೋ ಬ್ಯಾಟರಿ ಹಾಕದೆ ಯುಎಸ್‌ಬಿಯಲ್ಲೇ ರಿಸೀವರ್ ಆನ್ ಆಗುತ್ತೆ, ಮೇಜಿನ ಮೇಲೆ ಸೆಟ್ಟಿಂಗ್ ಮಾಡಲು ಸಲೀಸು.

ಇಎಲ್‌ಆರ್‌ಎಸ್ ಬೈಂಡ್ ಮಾಡಲು ಎರಡು ದಾರಿ. ಪವರನ್ನು ಮೂರು ಸಲ ಆನ್-ಆಫ್ ಮಾಡಿದರೆ ಬೈಂಡ್ ಮೋಡಿಗೆ ಹೋಗುತ್ತೆ, ದೀಪ ಎರಡೆರಡು ಸಲ ಮಿನುಗುತ್ತೆ. ಇಲ್ಲವಾದರೆ ಟ್ರಾನ್ಸ್‌ಮಿಟರ್ ಆಫ್ ಇಟ್ಟು ಒಂದು ನಿಮಿಷ ಕಾಯಿರಿ. ರಿಸೀವರ್ ತನ್ನದೇ ವೈಫೈ ಹಾಕುತ್ತೆ. ಫೋನಿನಿಂದ ಸೇರಿಕೊಂಡು ಬ್ರೌಸರಿನಲ್ಲಿ 10.0.0.1 ತೆರೆದು ಬೈಂಡಿಂಗ್ ಫ್ರೇಸ್ ಬರೆಯಿರಿ. ಟ್ರಾನ್ಸ್‌ಮಿಟರ್‌ನಲ್ಲೂ ಅದೇ ಫ್ರೇಸ್ ಇದ್ದರೆ ಮುಗೀತು. ನಿಮ್ಮ ಎಲ್ಲ ವಿಮಾನಗಳಿಗೂ ಒಂದೇ ಫ್ರೇಸ್ ಇಡಬಹುದು. ಆದರೆ ಗೆಳೆಯರ ಗುಂಪಿಗೆಲ್ಲ ಒಂದೇ ಇಡಬೇಡಿ, ಯಾರ ರೇಡಿಯೊಗೆ ಯಾರ ವಿಮಾನ ಅಂತ ಗೋಜಲಾಗುತ್ತೆ.

ಬೀಟಾಫ್ಲೈಟ್‌ನಲ್ಲಿ ಪೋರ್ಟ್ಸ್ ಪುಟದಲ್ಲಿ ಆ ಯುಆರ್ಟ್‌ಗೆ ಸೀರಿಯಲ್ ಆರ್‌ಎಕ್ಸ್, ರಿಸೀವರ್ ಪುಟದಲ್ಲಿ ಸಿಆರ್‌ಎಸ್‌ಎಫ್. ಆಮೇಲೆ ಕಡ್ಡಿಗಳನ್ನು ಒಂದೊಂದಾಗಿ ಅಲ್ಲಾಡಿಸಿ. ಥ್ರಾಟಲ್ ಕೊಟ್ಟರೆ ಥ್ರಾಟಲ್ ಬಾರೇ ಏರಬೇಕು. ಬೇರೆ ಬಾರು ಏರಿದರೆ ಚಾನೆಲ್ ಮ್ಯಾಪ್ ತಿದ್ದಿ. ಇಎಲ್‌ಆರ್‌ಎಸ್‌ನಲ್ಲಿ 5ನೇ ಚಾನೆಲ್ ಆರ್ಮ್ (ಮೋಟರ್ ತಿರುಗಲು ಅನುಮತಿ ಕೊಡುವ) ಸ್ವಿಚ್‌ಗೇ ಮೀಸಲು, ಎರಡು ಸ್ಥಾನದ ಸ್ವಿಚ್ ಹಾಕಿ.

ಆಂಟೆನಾ ಎಲ್ಲಿ?

2.4 ಗಿಗಾಹರ್ಟ್ಸ್‌ನ ತಂತಿ ಆಂಟೆನಾದಲ್ಲಿ ನಿಜವಾಗಿ ಕೆಲಸ ಮಾಡುವುದು ತುದಿಯ ಸುಮಾರು 31 ಮಿಲಿಮೀಟರ್, ಮೇಲಿನ ಕವಚ ಸುಲಿದಿರುವ ಭಾಗ. ಅದನ್ನು ಕತ್ತರಿಸಬೇಡಿ, ಮಡಿಸಬೇಡಿ, ಕಾರ್ಬನ್ ಫೈಬರ್‌ಗೆ ಅಂಟಿಸಬೇಡಿ. ಕಾರ್ಬನ್ ಸಿಗ್ನಲ್ಲನ್ನು ತಡೆಯುತ್ತೆ. ಬ್ಯಾಟರಿ ಪಕ್ಕವೂ ಬೇಡ. ಎರಡು ಆಂಟೆನಾ ಇದ್ದರೆ ಒಂದು ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ, ನಡುವೆ 90 ಡಿಗ್ರಿ. ಆಂಟೆನಾದ ತುದಿ ನೇರ ನಿಮ್ಮ ಕಡೆ ತೋರಿದಾಗ ಸಿಗ್ನಲ್ ಅತಿ ಕಡಿಮೆ. ಹಾರಿಸುವಾಗ ಟ್ರಾನ್ಸ್‌ಮಿಟರ್ ಆಂಟೆನಾ ತುದಿಯನ್ನೂ ವಿಮಾನದ ಕಡೆ ಚಾಚಿ ಹಿಡಿಯಬೇಡಿ.

ಫೇಲ್‌ಸೇಫ್: ಇದನ್ನು ಮುಗಿಸದೆ ಹಾರಿಸಬೇಡಿ

ಸಿಗ್ನಲ್ ಕಡಿದಾಗ ರಿಸೀವರ್‌ಗಳು ಮೂರು ರೀತಿ ವರ್ತಿಸುತ್ತವೆ. ಕೆಲವು ಸುಮ್ಮನಾಗುತ್ತವೆ ಅಥವಾ "ಸಿಗ್ನಲ್ ಇಲ್ಲ" ಅಂತ ಸ್ಪಷ್ಟವಾಗಿ ಹೇಳುತ್ತವೆ. ಕೆಲವು ಮೊದಲೇ ಹೇಳಿಟ್ಟ ಅಳತೆ ಕಳಿಸುತ್ತವೆ. ಇನ್ನು ಕೆಲವು ಕೊನೆಯ ಅಳತೆಯನ್ನೇ ಹಿಡಿದುಕೊಂಡು ಕೂರುತ್ತವೆ. ಮೂರನೆಯದು ಅಪಾಯ. ಥ್ರಾಟಲ್ ಅರ್ಧ ಇದ್ದಾಗ ಸಿಗ್ನಲ್ ಹೋದರೆ ವಿಮಾನ ಅರ್ಧ ಥ್ರಾಟಲ್‌ನಲ್ಲೇ ಹೋಗುತ್ತಿರುತ್ತೆ. ಎಲ್ಲವೂ ಸರಿಯಿದೆ ಅಂತ ಬೋರ್ಡು ತಿಳಿದುಕೊಂಡಿರುತ್ತೆ.

ಎಸ್‌ಬಸ್‌ನಲ್ಲಿ ಫೇಲ್‌ಸೇಫ್ ತಿಳಿಸಲು ಬೇರೆ ಗುರುತೇ ಇದೆ. ಇಎಲ್‌ಆರ್‌ಎಸ್ ರಿಸೀವರ್ ಲಿಂಕ್ ಹೋದ ಮೇಲೆ ಕಡ್ಡಿಯ ಮಾಹಿತಿ ಕಳಿಸುವುದನ್ನೇ ನಿಲ್ಲಿಸುತ್ತೆ. ಪಿಪಿಎಂ, ಐಬಸ್ ಬಳಸುವವರು ಥ್ರಾಟಲ್ ಮೂಲಕ ತಿಳಿಸಬೇಕು. ಆರ್ಡುಪೈಲಟ್ ಪ್ಲೇನ್‌ನಲ್ಲಿ ಥ್ರಾಟಲ್ ಅಳತೆ 950ಕ್ಕಿಂತ ಕೆಳಗೆ ಹೋದರೆ ಫೇಲ್‌ಸೇಫ್ ಅಂತ ಮೊದಲೇ ಹೊಂದಿಸಿರುತ್ತಾರೆ. ಐ6ರಲ್ಲಿ ಅದನ್ನು ಹೀಗೆ ಮಾಡಿ. ಎಂಡ್‌ಪಾಯಿಂಟ್ ಮೆನುವಿನಲ್ಲಿ ಥ್ರಾಟಲ್‌ನ ಕೆಳಗಿನ ತುದಿಯನ್ನು 120ಕ್ಕೆ ಏರಿಸಿ. ಕಡ್ಡಿ ಪೂರ್ತಿ ಕೆಳಗಿಟ್ಟು, ಅಳತೆ 950ರ ಕೆಳಗೆ ಇಳಿದಿದೆ ಅಂತ ಕಂಪ್ಯೂಟರಿನ ಮಿಷನ್ ಪ್ಲಾನರ್ ಸಾಫ್ಟ್‌ವೇರಿನಲ್ಲಿ ನೋಡಿ. ಅದೇ ಸ್ಥಿತಿಯಲ್ಲಿ ಫೇಲ್‌ಸೇಫ್ ಮೆನುವಿಗೆ ಹೋಗಿ ಆ ಚಾನೆಲ್ ಉಳಿಸಿ. ಆಮೇಲೆ ಎಂಡ್‌ಪಾಯಿಂಟ್ ಮತ್ತೆ 100ಕ್ಕೆ ತನ್ನಿ.

ಪರೀಕ್ಷೆ ಹೀಗೆ. ಪ್ರೊಪೆಲರ್ ಇಲ್ಲ. ಬ್ಯಾಟರಿ ಹಾಕಿ, ಆರ್ಮ್ ಮಾಡಿ, ಥ್ರಾಟಲ್ ಸ್ವಲ್ಪ ಏರಿಸಿ. ಮೋಟರ್ ತಿರುಗುವಾಗಲೇ ಟ್ರಾನ್ಸ್‌ಮಿಟರ್ ಆಫ್ ಮಾಡಿ. ಕ್ವಾಡ್ ಆದರೆ ಒಂದೆರಡು ಸೆಕೆಂಡಿನಲ್ಲಿ ಮೋಟರ್ ನಿಲ್ಲಬೇಕು, ಅಥವಾ ನೀವು ಹಾಗೆ ಹೊಂದಿಸಿದ್ದರೆ ವಾಪಸಾತಿ ಮೋಡಿಗೆ ಹೋಗಬೇಕು. ಪರದೆಯಲ್ಲಿ ಮೋಡಿನ ಹೆಸರು ಬದಲಾಗುವುದನ್ನು ಕಣ್ಣಾರೆ ನೋಡಿ. ಮತ್ತೆ ಆನ್ ಮಾಡಿದಾಗ ಏನಾಗುತ್ತೆ ಅನ್ನುವುದನ್ನೂ ನೋಡಿ. ಥ್ರಾಟಲ್ ಮೇಲಿದ್ದಾಗ ಸಿಗ್ನಲ್ ಬಂದರೆ ಮೋಟರ್ ಗಕ್ಕನೆ ಶುರುವಾದೀತು.

ಬಯಲಿಗೆ ಹೊರಡುವಾಗ

ಹಾರಿಸುವ ಮುಂಚೆ ಒಮ್ಮೆ ನಡೆದು ನೋಡಿ. ಇಎಲ್‌ಆರ್‌ಎಸ್ ಪವರನ್ನು ಅತಿ ಕಡಿಮೆಗೆ ಇಳಿಸಿ. ಗೆಳೆಯ ವಿಮಾನವನ್ನು ಎದೆ ಎತ್ತರಕ್ಕೆ ಹಿಡಿದು ಎಲ್ಲ ಕಡೆ ತಿರುಗಿಸಲಿ, ನೀವು ದೂರ ನಡೆಯುತ್ತಾ ಲಿಂಕ್ ಕ್ವಾಲಿಟಿ ನೋಡಿ. ಒಂದು ದಿಕ್ಕಿಗೆ ತಿರುಗಿಸಿದಾಗ ಮಾತ್ರ ಅದು ಕುಸಿದರೆ ಆಂಟೆನಾ ಯಾವುದಾದರೂ ಭಾಗದ ಮರೆಯಲ್ಲಿದೆ ಅಂತ ಲೆಕ್ಕ. ಲಿಂಕ್ ಕ್ವಾಲಿಟಿ 70ಕ್ಕೆ ಇಳಿದರೆ ಕೂಗುವಂತೆ ಟ್ರಾನ್ಸ್‌ಮಿಟರ್‌ನಲ್ಲಿ ಅಲಾರಂ ಇಡಿ. ಆರ್‌ಎಸ್‌ಎಸ್‌ಐಗೆ, ನೀವಿಟ್ಟ ರೇಟಿನ ಮಿತಿಗಿಂತ 10 ಡಿಬಿ ಮುಂಚೆಯೇ ಕೂಗಲಿ. 250 ಹರ್ಟ್ಸ್ ಆದರೆ ಮೈನಸ್ 98.

ಜಾಗದ ಬಗ್ಗೆಯೂ ಗಮನ ಇರಲಿ. ಸರ್ಕಾರದ ಡಿಜಿಟಲ್ ಸ್ಕೈ ಡ್ರೋನ್ ನಕ್ಷೆಯಲ್ಲಿ ಹಸಿರು ವಲಯ ಇದ್ದ ಕಡೆ 400 ಅಡಿ ಒಳಗೆ, ಕಣ್ಣಳತೆಯಲ್ಲಿ ಹಾರಿಸಿ. ಹಾಸನದಲ್ಲಿ ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರ 1982ರಿಂದ ಇದೆ, ಅದರ ಆಸುಪಾಸು ಬೇಡವೇ ಬೇಡ. ಭದ್ರಾ ಅಭಯಾರಣ್ಯದ ಕಡೆಗೂ ಅಷ್ಟೇ.

ಮಲೆನಾಡಿನವರಿಗೆ ಇನ್ನೊಂದು ಕೆಲಸ ಇದೆ. ಆಷಾಢದ ಹೊತ್ತಿಗೆ ಮನೆಯೊಳಗಿನ ಬಟ್ಟೆಯೇ ಒಣಗಲ್ಲ, ಬೋರ್ಡು ಹೇಗೆ ಒಣಗಿರುತ್ತೆ? ರಿಸೀವರ್ ಮೇಲೆ ಕನ್ಫಾರ್ಮಲ್ ಕೋಟಿಂಗ್ (ತೇವ ತಡೆಯುವ ಲೇಪ) ತೆಳ್ಳಗೆ ಹಚ್ಚಿ. ಆಂಟೆನಾ ಕನೆಕ್ಟರ್ ಮತ್ತು ಬೈಂಡ್ ಬಟನ್ ಮೇಲೆ ಮಾತ್ರ ಹಚ್ಚಬೇಡಿ. ಒಣಗಿದ ಮೇಲೆ ಹೀಟ್ ಶ್ರಿಂಕ್ ಹಾಕಿ. ಮಳೆಗಾಲ ಕಳೆದು ಮೊದಲ ಸಲ ಹೊರಗೆ ತೆಗೆದಾಗ ಆಂಟೆನಾ ಕನೆಕ್ಟರನ್ನು ಉಗುರಿನಿಂದ ಒತ್ತಿ ನೋಡಿ, ಪ್ರೊಪೆಲರ್ ಬಿಚ್ಚಿ ಫೇಲ್‌ಸೇಫ್ ಪರೀಕ್ಷೆ ಇನ್ನೊಮ್ಮೆ ಮಾಡಿ.